ನಾನು ಕಂಡೆನೆಂದ ಗೆರೆ

ಮೊನ್ನೆ ಮಗಳಿಗೆ ಸೂಜಿ ಮಾಡಿಸಲು ಹಾನಗಲ್ಲಿನ ದವಾಖಾನೆಗೆ ಹೋಗಿದ್ದೆ. ನರ್ಸಬಾಯಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅವಳ ತೋಳು ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹಣೆ ಬೆವರಿತು.

"ಅಯ್ಯ, ಸೂಜಿ ಕೂಸಿಗೆ ಮಾಡಾಕತ್ತೇನಿ, ಬೆವರು ನಿಮಗ ಬರಾಕತ್ತೈತಲ್ರೀ," ಎಂದು ಅವರು ನಕ್ಕರು. ಮಗಳೂ ಅಳುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

ನಾನೂ ನಕ್ಕೆ. ಆದರೆ ಬೆವರಿಗೆ ಕಾರಣ ಬೇರೆ ಇತ್ತು. ಹಿಂದಿನ ದಿನವಷ್ಟೇ ತಂಗಿ ಸುಮಂಗಲಾ ಫೋನ್ ಮಾಡಿದ್ದಳು. ಅವಳು ಈಗ ದೂರದ ಊರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ನ್ಯೂಟ್ರಿನೊ ಎಂಬ, ಯಾರ ಕಣ್ಣಿಗೂ ಕಾಣದ ಕಣದ ಮೇಲೆ ಓದಿ ಡಾಕ್ಟರೇಟು ಪಡೆದವಳು.

"ಅಣ್ಣಾ, ಶನಿವಾರ ಆಡೂರಿನ ಸಾಲ್ಯಾಗ ಮಕ್ಕಳಿಗೆ ನಮ್ಮ ಬರಣಿ ತೋರಸೂನು. ನೀ ಹೊಗಿಬರ್ಫ ತರಸು. ಮತ್ತ ಆ ಶಾಲು ತಗೊಂಡು ಬಾ, ಮರೀಬ್ಯಾಡ. ನೀ ನೋಡಿದ್ದನ್ನ ಮಕ್ಕಳ ಮುಂದ ನೀನ ಹೇಳಬೇಕು."

"ಆತು" ಎಂದಿದ್ದೆ. ಹೇಳಬೇಕಾದದ್ದು ಒಂದು ಸುಳ್ಳು. ಆ ಸುಳ್ಳು ಹುಟ್ಟಿದ್ದು ನನ್ನ ಬದುಕಿನ ಎಲ್ಲಕ್ಕಿಂತ ಚಂದದ ಹಂಗಾಮಿನಲ್ಲಿ. ಹಾಗಾಗಿ ಅದು ನೆನಪಾದಾಗ ಮೊದಲು ನಗು ಬರುತ್ತದೆ, ಅದರ ಬೆನ್ನಿಗೆ ಬೆವರು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಪುಸ್ತಕ ಹಿಡಿದರೆ ನಿದ್ದೆ, ವೈರು ಹಿಡಿದರೆ ಎಚ್ಚರ. ಹಾನಗಲ್ಲಿನಲ್ಲಿ ನಾಟಕಗಳಿಗೆ ಪರದೆ, ಸೀನರಿ, ಲೈಟು ಬಾಡಿಗೆಗೆ ಕೊಡುವ ಮಾಲಕರ ಹತ್ತಿರ ಕೆಲಸಕ್ಕೆ ನಿಂತು ಲೈಟಿನವನಾದೆ. ನಮ್ಮ ಕಡೆ ಯುಗಾದಿ ದಾಟಿತೆಂದರೆ ಮುಂಗಾರು ಬೀಳುವ ತನಕ ಊರೂರಿಗೆ ನಾಟಕ. ಹಗಲು ಹೊಲದಲ್ಲಿ ಕುಂಟೆ ಹೊಡೆದವರೇ ರಾತ್ರಿ ರಾಜರಾಗುತ್ತಾರೆ. ಅವರು ಮಾತು ಮರೆತರೂ ಜನ ಸಹಿಸಿಕೊಳ್ಳುತ್ತಾರೆ, ಆದರೆ ಸ್ವರ್ಗದ ಸೀನು ಜೋರಾಗಿರಲೇಬೇಕು. ಅದಕ್ಕೆ ಹುಬ್ಬಳ್ಳಿಯಿಂದ ಥರ್ಮೋಕೋಲ್ ಡಬ್ಬಿಯಲ್ಲಿ ಡ್ರೈ ಐಸ್ ತರಿಸುತ್ತಿದ್ದೆವು. ನಮ್ಮ ಬಾಯಲ್ಲಿ ಅದು ಹೊಗೆಬರ್ಫ. ಮುಟ್ಟಿದರೆ ಕೈ ಸುಟ್ಟಂತಾಗುವಷ್ಟು ತಣ್ಣಗೆ. ಬಿಸಿನೀರಿಗೆ ಹಾಕಿದರೆ ಬೆಳ್ಳನೆಯ ಮೋಡ ಉಕ್ಕಿ ರಂಗದ ತುಂಬ ಹರಿಯುತ್ತದೆ, ಅದರ ನಡುವಿನಿಂದ ದೇವರು ಎದ್ದು ಬರುತ್ತಾನೆ. ದೇವರ ಮುಖಕ್ಕೆ ನೀಲಿ ಬೆಳಕು ಬಿಡುವವನು ನಾನು.

ಆ ಸುಳ್ಳು ಹುಟ್ಟಿದ ವರ್ಷ ಸುಮಿ, ಅಂದರೆ ಸುಮಂಗಲಾ, ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಮುಂದಿನ ಓದಿನ ಸಂದರ್ಶನಕ್ಕೆ ಕರೆ ಬರುವುದನ್ನು ಕಾಯುತ್ತ ಮನೆಯಲ್ಲಿದ್ದಳು. ಸುಮ್ಮನೆ ಕಾಯುವುದು ಅವಳಿಗೆ ಬರುತ್ತಿರಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಮತ್ತೆ ಏರಿಸಿದಳು. ರೊಟ್ಟಿ ಬಡಿಯುವ ಅವ್ವನ ಮುಂದೆ ಕೂತು ಸೂರ್ಯ ಯಾಕೆ ಉರಿಯುತ್ತಾನೆ ಎಂದು ಹೇಳಿದಳು.

"ಈರಣ್ಣಾ, ಈಕಿನ್ನ ನಿನ್ನ ಕೂಡ ಕರಕೊಂಡು ಹೋಗೋ ಮಾರಾಯಾ," ಎಂದಳು ಅವ್ವ. "ಸೂರ್ಯ ಹೆಂಗರ ಉರೀಲಿ. ಈಕಿ ನನ್ನ ಒಲಿ ಉರಿಯಾಕ ಬಿಡವಲ್ಲಳು."

ಹಾಗೆ ಸುಮಿ ನಮ್ಮ ಟೆಂಪೊ ಹತ್ತಿದಳು. ಟೆಂಪೊ ಹೊಡೆಯುವವನು ಮೌಲಾಸಾಬ, ನನ್ನ ಗೆಳೆಯ. ಅವನಿಗೂ ನನಗೂ ನಡುವೆ ಸುಮಿ, ಹಿಂದೆ ಅರಮನೆ, ಕಾಡು, ಜೇಲು ಎಲ್ಲ ಸುತ್ತಿಕೊಂಡು ಮಲಗಿದ ಪರದೆಗಳು.

ಮೊದಲ ನಾಟಕ ಶಿಗ್ಗಾವಿ ಕಡೆಯ ಒಂದು ಹಳ್ಳಿಯಲ್ಲಿ. ಮಾರನೆಯ ಮುಂಜಾನೆ ನಾವು ಪರದೆ ಮಡಚುತ್ತಿದ್ದಾಗ ಅವಳು ಥರ್ಮೋಕೋಲ್ ಡಬ್ಬಿಯ ಮುಚ್ಚಳ ತೆಗೆದು ಕೂಗಿದಳು.

"ಅಣ್ಣಾ, ಇದು ಉಳದೈತಲ್ಲ!"

"ಉಳೀತೈತಿ. ಸಂಜಿತನಕ ತಾನ ಹೊಗಿಯಾಗಿ ಹೊಕ್ಕೈತಿ. ಯಾಕ?"

"ನನಗೊಂದು ಗಾಜಿನ ಬರಣಿ ಬೇಕು. ಸೂಜಿ ಮಾಡೂಮುಂದ ಒರಸೂ ಸ್ಪಿರಿಟ್ ಬೇಕು. ಕರೀ ಬಣ್ಣದ ತಗಡು, ಕಂಬಳಿ ತುಂಡು, ಒಂದು ಹಿಡಿ ಕಣಕ. ಮತ್ತ ನಿನ್ನ ಸಣ್ಣ ಫೋಕಸ್ ಲೈಟು."

"ನಿಂಬೀಹಣ್ಣು ಒಂದು ಬಿಟ್ಟೀ ನೋಡವಾ," ಎಂದ ಮೌಲಾಸಾಬ. "ಯಾರಿಗೆ ಮಾಟಾ ಮಾಡಾಕತ್ತೀ?"

ಬರಣಿ, ಕಣಕ ಬೇಕರಿಯಿಂದ ಬಂದವು, ಸ್ಪಿರಿಟ್ ಔಷಧದ ಅಂಗಡಿಯಿಂದ. ಉಳಿದದ್ದೆಲ್ಲ ನಮ್ಮ ನಾಟಕದ ಸಾಮಾನಿನಲ್ಲೇ ಇತ್ತು. ಅವಳು ಕಂಬಳಿ ತುಂಡನ್ನು ಬರಣಿಯ ತಳಕ್ಕೆ ಒತ್ತಿ ಸ್ಪಿರಿಟ್ಟಿನಲ್ಲಿ ನೆನೆಸಿದಳು. ಹೊಗೆಬರ್ಫದ ಮೇಲೆ ಕರಿ ತಗಡು ಇಟ್ಟು, ಅದರ ಮೇಲೆ ಬರಣಿ ಬೋರಲು ಹಾಕಿ, ಅಂಚಿಗೆ ಕಣಕ ಮೆತ್ತಿದಳು. ಪಕ್ಕದಿಂದ ಬೆಳಕು ಬಿಡಲು ನನಗೆ ಹೇಳಿದಳು.

ಮೊದಲು ಸುಮ್ಮನೆ ಮಂಜು. ಆಮೇಲೆ ಆ ಮಂಜಿನೊಳಗೆ ಒಂದು ಬಿಳಿ ಗೆರೆ, ಹತ್ತಿಯ ಎಳೆಯಷ್ಟು ತೆಳುವು. ತಾನಾಗಿ ಮೂಡಿತು, ತುಸು ಕೆಳಗಿಳಿಯಿತು, ಕರಗಿತು. ಅದರ ಹಿಂದೆಯೇ ಇನ್ನೊಂದು. ನಾನು ಎಷ್ಟೋ ವರ್ಷ ರಂಗದ ಮೇಲೆ ಹೊಗೆ ಬಿಟ್ಟವನು, ಬೆಳಕು ಬಿಟ್ಟವನು. ಹೊಗೆ ತಾನೇ ಬರೆಯುವುದನ್ನು ಕಂಡಿರಲಿಲ್ಲ.

"ಯಾರು ಬರಿಯಾಕತ್ತಾರಿದನ್ನ?"

"ಮ್ಯೂಆನ್ ಅನ್ನೂ ಕಣಗಳಣ್ಣಾ. ಭಾಳ ಮ್ಯಾಲೆ ಗಾಳ್ಯಾಗ ಹುಟ್ಟಿ ಮಳಿಯಂಗ ಬೀಳ್ತಾವ. ಅವು ಹಾದ ದಾರಿಗುಂಟ ಸ್ಪಿರಿಟ್ಟಿನ ಹಬೆ ಹನಿಗಟ್ಟತೈತಿ, ಅದ ಈ ಗೆರಿ. ಹಗಲೂ ರಾತ್ರೀನೂ. ನಮ್ಮ ತಲಿ ಮ್ಯಾಲೂ."

ಮೌಲಾಸಾಬ ಸುಮ್ಮನೆ ತಲೆಯ ಮೇಲೆ ಟವೆಲ್ಲು ಹಾಕಿಕೊಂಡ.

ಆದರೆ ಅವಳು ಹುಡುಕುತ್ತಿದ್ದದ್ದು ಬೇರೆ ಗೆರೆ. "ಇವೆಲ್ಲ ನೆಟ್ಟಗ ಬಂದು ನೆಟ್ಟಗ ಹೊಕ್ಕಾವ. ಅಪರೂಪಕ್ಕ ಒಂದು ಮ್ಯೂಆನ್ ಬರಣಿಯೊಳಗ ನಿಂತಬಿಡತೈತಿ. ನಿಂತದ್ದು ಒಡದು ಮೂರಾಗತೈತಿ. ಅದರಾಗ ಎಲೆಕ್ಟ್ರಾನು ಗೆರಿ ಬರೀತೈತಿ. ಉಳದೆರಡು ನ್ಯೂಟ್ರಿನೊ. ಅವು ಏನೂ ಬರಿಯಂಗಿಲ್ಲ. ಗಾಜು, ನೆಲ, ಇಡೀ ಭೂಮಿ ತೂರಿ ಹೊಂಟಹೊಕ್ಕಾವ."

"ಮತ್ತ ಹೋದ್ವು ಅಂತ ಹೆಂಗ ಗೊತ್ತು?"

"ಗೆರಿ ಬಾಗತೈತಿ. ಬಂದ ಗೆರಿ ಒಂದು ದಿಕ್ಕಿಗೆ, ಎದ್ದ ಗೆರಿ ಇನ್ನೊಂದು ದಿಕ್ಕಿಗೆ. ಸುಮ್ಮನ ನಿಂತದ್ದರೊಳಗಿಂದ ಒಂದ ಎದ್ದು ಹಂಗ ಹಾರಾಕ ಬರಂಗಿಲ್ಲ. ಕಾಣದಾವು ಆ ಕಡೆ ಹೋಗ್ಯಾವ ಅಂತನ ಕಾಣೂದು ಈ ಕಡೆ ಬಂದೈತಿ. ಇದನ್ನ ಮಾಡಸೂದು ದುರ್ಬಲ ಬಲ."

"ಬಲ ಅಂತಿ, ದುರ್ಬಲ ಅಂತಿ. ನಮ್ಮ ಮಾಲಕರ ಸಿಟ್ಟಿನಂಗ ಆತಲ್ಲ."

"ನಗಬ್ಯಾಡ. ಭಾಳ ಸಣ್ಣ ಜಾಗಾದಾಗ, ಅಪರೂಪಕ್ಕ ಕೆಲಸ ಮಾಡತೈತಿ, ಅದಕ್ಕ ದುರ್ಬಲ. ಆದ್ರ ಉಳದ ಬಲಗಳು ಜಗ್ಗತಾವ, ನೂಕತಾವ. ಇದು ಒಂದು ಕಣಾನ್ನ ಇನ್ನೊಂದು ಮಾಡತೈತಿ. ಇದಿಲ್ಲಂದ್ರ ಸೂರ್ಯ ಉರಿಯಂಗಿಲ್ಲ. ಆ ಬಾಗಿದ ಗೆರಿ ಕಂಡ್ರ, ಅದು ಕೆಲಸ ಮಾಡಿದ್ದನ್ನ ಕಣ್ಣಿಲೆ ಕಂಡಂಗ. ನಾ ಪುಸ್ತಕದಾಗಷ್ಟ ನೋಡೇನಿ. ಒಮ್ಮೆ ಖರೇ ನೋಡಬೇಕಣ್ಣಾ, ಸಂದರ್ಶನಕ್ಕ ಹೋಗೂದರೊಳಗ."

ಅಲ್ಲಿಂದ ಶುರುವಾಯಿತು. ಊರೂರಿಗೆ ರಾತ್ರಿ ನಾಟಕ, ಮುಂಜಾನೆ ಉಳಿದ ಹೊಗೆಬರ್ಫದ ಮೇಲೆ ಸುಮಿಯ ಬರಣಿ. ಶಿಗ್ಗಾವಿ ಮುಗಿಸಿ ಸವಣೂರಿನ ಕಡೆ ಹೊರಟಾಗ ಹಾದಿಯುದ್ದಕ್ಕೂ ಮಾವಿನ ವಾಸನೆ. ಮೌಲಾಸಾಬನ ಪ್ರಶ್ನೆಗಳಿಗೆ ಕೊನೆ ಇರಲಿಲ್ಲ.

"ಸುಮಕ್ಕಾ, ಆ ನ್ಯೂಟ್ರಿನೊ ನನ್ನ ಟೆಂಪೋದಾಗೂ ತೂರಿ ಹೊಕ್ಕೈತೇನು?"

"ಲೆಕ್ಕಾ ಇಲ್ಲದಷ್ಟು. ಈಗ, ನಿನ್ನ ಉಗುರಿನೊಳಗ ಹಾದು ಕೋಟಿಗಟ್ಟಲೆ ಹೊಂಟಾವ. ಸವಣೂರಿನ ಆ ದೊಡ್ಡಹುಣಸಿ ಮರದ ಬೊಡ್ಡಿ, ಐದಾರು ಮಂದಿ ತೆಕ್ಕಿಗೂ ಸಿಗದ್ದು ಐತಲ್ಲ, ಅದೂ ಅವಕ್ಕ ಇದ್ದೂ ಇಲ್ಲದಂಗ."

"ಬಾಡಿಗಿ ಇಲ್ಲದ ಇಷ್ಟು ಮಂದಿ ಹತ್ತಿದ್ರ ಡೀಸೆಲ್ ಸುಡದ ಏನ್ಮಾಡೀತು!"

ಸೂರ್ಯನಿಂದ ಬರುವ ನ್ಯೂಟ್ರಿನೊಗಳ ಕತೆಯನ್ನು ಅವಳು ಅಲ್ಲಿಯೇ ಹೇಳಿದಳು. ತಿಳಿದವರು ಎಣಿಸಿದಾಗ ಬರಬೇಕಾದದ್ದಕ್ಕಿಂತ ಬಹಳ ಕಡಿಮೆ ಬಂದವಂತೆ. ಉಳಿದವು ಎಲ್ಲಿ ಹೋದವು ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರಂತೆ. ನನಗೆ ಅದು ಸಲೀಸಾಗಿ ತಿಳಿಯಿತು. ನಮ್ಮ ನಾಟಕಗಳಲ್ಲಿ ಮಂದಿ ಕಡಿಮೆ ಬಿದ್ದಾಗ ಒಬ್ಬನೇ ಮೂರು ಪಾರ್ಟು ಮಾಡುತ್ತಾನೆ. ಮಂತ್ರಿಯಾಗಿ ಪರದೆಯ ಹಿಂದೆ ಹೋದವನು ಸನ್ಯಾಸಿಯಾಗಿ ಬರುತ್ತಾನೆ, ಸನ್ಯಾಸಿ ಹೋಗಿ ಹಾಸ್ಯಗಾರ. ಬರೀ ಮಂತ್ರಿಗಳನ್ನು ಎಣಿಸುತ್ತ ಕೂತರೆ ಮಂತ್ರಿ ಕಾಣೆಯಾದ ಎನ್ನಬೇಕಾಗುತ್ತದೆ. ನ್ಯೂಟ್ರಿನೊಗಳಲ್ಲೂ ಮೂರು ಬಗೆ, ಹಾದಿಯಲ್ಲೇ ಒಂದು ಇನ್ನೊಂದಾಗುತ್ತದೆ ಎಂದು ಆಮೇಲೆ ಗೊತ್ತಾಯಿತಂತೆ. ನಾನು ಪಾರ್ಟಿನ ಮಾತು ಹೇಳಿದಾಗ ಸುಮಿ ಕೈ ತಟ್ಟಿ, "ಇದನ್ನ ನಾ ಸಂದರ್ಶನದಾಗ ಹೇಳಾಕಿನ" ಎಂದಳು. ಆ ದಿನವೆಲ್ಲ ನನಗೆ ಊಟವೇ ಬೇಡವಾಗಿತ್ತು, ಅಷ್ಟು ಹಿಗ್ಗು.

ಸವಣೂರಿನ ಹತ್ತಿರದ ಹಳ್ಳಿಯಲ್ಲಿ ಒಬ್ಬ ಮುದುಕಿ ಬರಣಿಯ ಮುಂದೆ ಬಹಳ ಹೊತ್ತು ಕೂತಳು.

"ಇವು ಮ್ಯಾಲಿಂದ ಬರ್ತಾವೇನ ಯವ್ವಾ?"

"ಹೌದಬೇ, ಮ್ಯಾಲಿಂದ."

"ಹಂಗಾರ ನಮ್ಮನಿಯವ್ರನ್ನ ಕಂಡಿರಬೇಕು. ಹೆಂಗದಾರ ಕೇಳು. ತಂಬಾಕ ಬಿಟ್ಟಾರೇನಿಲ್ಲಂತ ಕೇಳು."

ಸುಮಿ ನಗಲಿಲ್ಲ. ಬರಣಿಗೆ ಕಿವಿ ಹಚ್ಚಿ, "ಬಿಟ್ಟಿಲ್ಲಂತಬೇ," ಎಂದಳು. ಮುದುಕಿ ಬಿದ್ದು ಬಿದ್ದು ನಕ್ಕಳು.

ಅದೇ ಊರಿನಲ್ಲಿ ನನಗೆ ಒಂದು ಅವಮಾನವಾಗಿತ್ತು. ಹಿಂದಿನ ರಾತ್ರಿ ಲೈಟು ಏರಿಸಿ ಇಳಿಸುವ ಡಿಮ್ಮರಿನ ಮುಂದೆ ಕೂತಲ್ಲೇ ನಿದ್ದೆ ಹತ್ತಿ, ದೇವರ ಪಾರ್ಟಿನ ಮಾಸ್ತರರು ಮೋಡದ ನಡುವೆ ಕತ್ತಲಲ್ಲಿ ನಿಂತಿದ್ದರು. "ಭಕ್ತಾ, ನಿನ್ನ ಕೋರಿಕೆ ಏನು" ಎನ್ನುವ ಬದಲು ಅವರು "ಲೇ ಈರ್‍ಯಾ, ಲೈಟು!" ಎಂದು ಮೈಕಿನಲ್ಲೇ ಕೂಗಿದರು. ಊರೆಲ್ಲ ನಕ್ಕಿತು. ಲೈಟಿನವನು ನಿದ್ದೆ ಮಾಡಿದ ಎಂಬುದು ನಮ್ಮ ಕೆಲಸದಲ್ಲಿ ದೊಡ್ಡ ಮಾತು. ಮಾಲಕರು ಸುಮಿಯ ಎದುರಿಗೇ ಬೈದರು. ಇನ್ನೊಮ್ಮೆ ಕಣ್ಣು ಮುಚ್ಚಂಗಿಲ್ಲ ಎಂದು ನಾನು ಅವಳ ಎದುರಿಗೇ ಹೇಳಿದೆ.

ಹಾನಗಲ್ ಸುತ್ತಿನ ನಾಟಕಗಳು ಮುಗಿದವು. ಬಾಗಿದ ಗೆರೆ ಬರಲಿಲ್ಲ. ದಪ್ಪ ಗೆರೆ ಬಂದವು, ಗುಂಗುರು ಗೆರೆ ಬಂದವು. ಪ್ರತಿ ಸಲ ಅವಳು ಮೂಗನ್ನು ಗಾಜಿಗೆ ಒತ್ತಿ ನೋಡಿ, "ಅಲ್ಲ" ಎನ್ನುತ್ತಿದ್ದಳು. ಸಂದರ್ಶನದ ಕರೆ ಬಂತು. ಹಂಗಾಮಿನ ಕೊನೆಯ ನಾಟಕ ಹಿರೇಕೆರೂರ ತಾಲೂಕಿನಲ್ಲಿ, ಅಬಲೂರಿನ ಆಚೆಯ ಒಂದು ಊರಿನಲ್ಲಿ. ಬಿತ್ತನೆಗೆ ಹದ ಮಾಡಿಟ್ಟ ಒಣ ಹೊಲಗಳು, ಪಡುವಲಿಗೆ ಕರಿ ಮೋಡ. ಮುಂದಿನ ದಿನ ಅವಳು ಹೊರಡಬೇಕು, ನಮ್ಮ ಪರದೆಗಳು ಅಂಗಡಿ ಸೇರಬೇಕು.

ಮುಂಜಾನೆ ಶಾಲೆಯ ಪಡಸಾಲೆಯಲ್ಲಿ ಬರಣಿ ಇಟ್ಟೆವು. ನಾಟಕದ ಕಮಿಟಿಯ ಹಿರಿಯರು ಬಸಪ್ಪಗೌಡರು, ರಾತ್ರಿ ಕೇಡಿಯ ಪಾರ್ಟಿಗೆ ಬರೆದ ಮೀಸೆಯ ಬಣ್ಣ ಇನ್ನೂ ತೊಳೆದಿರದವರು, ಸುಮಿಯನ್ನು ನಾಷ್ಟಕ್ಕೆ ಕರೆದರು. ಅವಳು ಒಲ್ಲೆ ಎಂದರೂ ಬಿಡಲಿಲ್ಲ.

"ಅಣ್ಣಾ, ಕಣ್ಣು ತಗೀಬ್ಯಾಡ. ಇವತ್ತೊಂದ ದಿನ ಉಳದೈತಿ," ಎಂದು ಹೇಳಿ ಹೋದಳು.

ತಂಪು ಗಾಳಿ ಬರುತ್ತಿತ್ತು. ರಾತ್ರಿಯೆಲ್ಲ ಎಚ್ಚರವಿದ್ದೆ. ಗೆರೆಗಳು ಒಂದರ ಹಿಂದೆ ಒಂದು ಮೂಡಿ ಕರಗುತ್ತಿದ್ದವು, ತೊಟ್ಟಿಲು ತೂಗಿದ ಹಾಗೆ. ಭುಜದ ಮೇಲೆ ಅವಳ ಕೈ ಬಿದ್ದಾಗಲೇ ನನಗೆ ಗೊತ್ತಾದದ್ದು, ನಾನು ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದೆ ಎಂದು. ಮುಖ ಬರಣಿಯ ಕಡೆಗೇ ಇತ್ತು, ಬೆನ್ನು ಅವಳ ಕಡೆಗೆ. ಅವಳಿಗೆ ತಿಳಿದಿರಲಿಲ್ಲ.

"ಏನರ ಕಂಡತೇನಣ್ಣಾ?"

ನಿದ್ದೆ ಮಾಡಿದೆ ಎನ್ನಲು ಬಾಯಿ ಬರಲಿಲ್ಲ. ಅವಳ ಮುಖದಲ್ಲಿನ ಆಸೆಯನ್ನೂ ನೋಡಿದೆ. ಎರಡೂ ಸೇರಿ ನನ್ನ ನಾಲಿಗೆ ತಿರುಗಿತು.

"ಬಂತು," ಎಂದೆ. "ನೆಟ್ಟಗ ಬಂತು. ನಡಕ ನಿಂತು. ಎಡಕ್ಕ ಬಾಗಿ ಹೋತು."

ಅವಳು ಕೂಗಿದ ಕೂಗಿಗೆ ಪಡಸಾಲೆಯ ಪಾರಿವಾಳಗಳೆಲ್ಲ ಎದ್ದವು. ನನ್ನ ಕೊರಳಿಗೆ ಜೋತುಬಿದ್ದಳು. ಓಡಿ ಹೋಗಿ ಮೌಲಾಸಾಬನಿಗೆ ಹೇಳಿದಳು, ಗೌಡರಿಗೆ ಹೇಳಿದಳು. ಗೌಡರಿಗೆ ಏನು ತಿಳಿಯಿತೋ, ತಮ್ಮೂರಿನಲ್ಲಿ ಏನೋ ದೊಡ್ಡದು ಆಗಿದೆ ಎಂಬುದಂತೂ ತಿಳಿಯಿತು. ಇನ್ನೂ ಬಿಚ್ಚಿರದ ಮೈಕಿನ ಮುಂದೆ ನನ್ನನ್ನು ನಿಲ್ಲಿಸಿ, ಪಾತ್ರಧಾರಿಗಳಿಗೆ ತರಿಸಿ ಮಿಕ್ಕಿದ್ದ ಒಂದು ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟರು. "ಯಾರಿಗೂ ಕಾಣದ್ದನ್ನ ನಮ್ಮ ಊರಾಗ ನೋಡಿದಂಥಾ ಲೈಟಿನ ಈರಣ್ಣನವರಿಗೆ ಊರ ಪರವಾಗಿ!" ಮಂದಿ ಚಪ್ಪಾಳೆ ಹೊಡೆದರು. ಆಗಲೇ ಮೊದಲ ಮಳೆ ಬಿತ್ತು. ಎಲ್ಲರೂ ಕುಣಿದರು, ಕೇಡಿಯ ಮೀಸೆ ಕರಗಿ ಗೌಡರ ಗದ್ದಕ್ಕೆ ಹರಿಯಿತು. ಅಷ್ಟು ಖುಷಿಯ ನಡುವೆ ನಿಂತು ನಾನು ಶಾಲನ್ನು ಕೂಡಲೇ ತೆಗೆದು ಮಡಚಿದೆ. ನೆನೆದೀತೆಂದು ತೆಗೆದ ಎಂದುಕೊಂಡರು.

ಸುಮಿ ಸಂದರ್ಶನದಲ್ಲಿ ನನ್ನ ಕತೆ ಹೇಳಿದಳು. ಆಯ್ಕೆಯಾದಳು. ಮುಂದೆ ಕಲಿಸಲು ಶುರು ಮಾಡಿದ ಮೇಲೆ ಪ್ರತಿ ವರ್ಷದ ಹೊಸ ಹುಡುಗರಿಗೆ ಅದೇ ಕತೆ: ಏಳನೆಯ ಇಯತ್ತೆಯ ನನ್ನ ಅಣ್ಣ ಬರಿಗಣ್ಣಿನಿಂದ ದುರ್ಬಲ ಬಲದ ಕೆಲಸ ಕಂಡವನು. ಶಾಲು ನನ್ನ ಟ್ರಂಕಿನ ತಳದಲ್ಲಿ ಉಳಿಯಿತು. ಯಾವ ಮದುವೆಗೂ ಅದನ್ನು ಹೊದೆಯಲಿಲ್ಲ.

ಶನಿವಾರ ಬಂತು. ಆಡೂರಿನ ಶಾಲೆಯಲ್ಲಿ ಮಕ್ಕಳು ಪ್ರಾರ್ಥನೆಗೆ ನಿಂತಿದ್ದರು. ಕೋಣೆಯಲ್ಲಿ ನಾವಿಬ್ಬರೇ. ಸುಮಿ ಬರಣಿಯ ಅಂಚಿಗೆ ಕಣಕ ಮೆತ್ತುತ್ತಿದ್ದಳು. ಕೂದಲಲ್ಲಿ ಒಂದೆರಡು ಬೆಳ್ಳಿ ಎಳೆ ಕಂಡವು, ಕೈಯ ಚುರುಕು ಮಾತ್ರ ಅಂದಿನದೇ.

"ಶಾಲು ಎಲ್ಲೈತಿ?"

"ಬರ್ಫದ ಡಬ್ಬಿಗೆ ಸುತ್ತೇನಿ."

"ಅಯ್ಯ ನಿನ್ನ! ಹೊದ್ಕೊಳ್ಳಾಕ ತಾ ಅಂದ್ರ..."

"ಅದು ನನಗ ಹೊದ್ಕೊಳ್ಳಾಕ ಬರಂಗಿಲ್ಲ ಸುಮೀ. ಆವತ್ತು ನಾ ಏನೂ ನೋಡಿರಲಿಲ್ಲ. ಮಲಗಿದ್ದೆ."

ಅವಳ ಬೆರಳು ಕಣಕದಲ್ಲಿ ನಿಂತವು. ಹೊರಗೆ ಪ್ರಾರ್ಥನೆ ಮುಗಿಯಿತು.

"ಏನೂ?"

"ಏನೂ."

ಅವಳು ಸಣ್ಣ ದನಿಯಲ್ಲಿ ಹೇಳಿದಳು, "ಯಾರ ಹೇಳಿದ್ರೂ ಪಟ್ಟಂತ ನಂಬಬ್ಯಾಡ್ರಿ, ಹೊಳ್ಳಿ ಕೇಳ್ರಿ, ಹೊಳ್ಳಿ ನೋಡ್ರಿ ಅಂತ ಕಲಸ್ತೇನಿ ನಾನು. ನಿನಗ ಒಂದು ಮಾತು ಹೊಳ್ಳಿ ಕೇಳಲಿಲ್ಲ ನೋಡಣ್ಣಾ."

"ನಿನ್ನ ಸಂದರ್ಶನದಾಗೂ ಅದನ್ನ..."

"ಅವರು ನನ್ನ ತಗೊಂಡದ್ದು ನನ್ನ ಗಣಿತ ನೋಡಿ. ನಿನ್ನ ನಿದ್ದಿ ನೋಡಿ ಅಲ್ಲ."

ಸಿಟ್ಟಿನಿಂದಲೇ ಅಂದಳು. ಆದರೆ ನಿದ್ದಿ ಎನ್ನುವಾಗ ಅವಳ ತುಟಿಯ ಅಂಚು ಅಲುಗಿತು. ಕಣ್ಣು ಒರೆಸಿಕೊಂಡಳು, ಕೆನ್ನೆಗೆ ಕಣಕ ಹತ್ತಿತು.

"ಆವತ್ತು ಹೆಂಗ ಹೇಳಿದ್ದಿ? ಇನ್ನೊಮ್ಮೆ ಹೇಳು."

ಹೇಳಿದೆ. ನೆಟ್ಟಗ ಬಂತು, ನಡಕ ನಿಂತು, ಎಡಕ್ಕ ಬಾಗಿ ಹೋತು.

"ನಾಟಕದ ಮಾತು ಹೇಳಿದಂಗ! ಆಗಿಂದಾಗ ತಿಳೀಬೇಕಿತ್ತು ನನಗ. ಖರೇ ಕಂಡವರು ಹಂಗ ಹೇಳಂಗಿಲ್ಲಣ್ಣಾ. ಕಂಡಂಗಾತು, ಗ್ಯಾರಂಟಿ ಇಲ್ಲ, ಇನ್ನೊಮ್ಮೆ ನೋಡೂನು ಅಂತಾರ. ಬಾಗಿದ ಗೆರಿ ಕಂಪ್ಯೂಟರಿನ್ಯಾಗ ನಾ ಸಾಕಷ್ಟು ನೋಡೇನಿ. ಬರಿಗಣ್ಣಿಲೆ ನಾನೂ ಇನ್ನಾ ನೋಡಿಲ್ಲ. ಅಂದ್ರ ನಮ್ಮನ್ಯಾಗ ಯಾರೂ ನೋಡಿಲ್ಲ. ಹೋಗು, ಹುಡುಗರಿಗೆ ಹಿಂಗ ಹೇಳು."

ಹೇಳಿದೆ. ದೇವರ ಪಾರ್ಟಿನ ಮಾಸ್ತರರು "ಲೇ ಈರ್‍ಯಾ, ಲೈಟು" ಎಂದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದೆ ಕೂತ ಒಬ್ಬ ಹುಡುಗಿ ಕೈ ಎತ್ತಿ, "ಮತ್ತ ಶಾಲು ಹೊಳ್ಳಿ ಕೊಟ್ರೇನ್ರೀ?" ಎಂದಳು.

"ಅದೀಗ ಬರ್ಫ ಕಾಯಾಕತ್ತೈತವಾ," ಎಂದಳು ಸುಮಿ.

ಮಧ್ಯಾಹ್ನದ ತನಕ ಮಕ್ಕಳು ಗುಂಪು ಗುಂಪಾಗಿ ಬಂದು ಒಂದೊಂದು ಗೆರೆಗೂ ಕೂಗು ಹಾಕಿದರು. ಊಟದ ಗಂಟೆ ಹೊಡೆದಾಗ ಕೋಣೆ ಬರಿದಾಯಿತು. ಸುಮಿ ಬಾಗಿಲಲ್ಲಿ ನಿಂತು ಶಾಲೆಯ ಗುರುಗಳ ಜತೆ ಮಾತಾಡುತ್ತಿದ್ದಳು. ನಾನು ಬರಣಿಯ ಮುಂದೆ ಕೂತೆ. ನಿದ್ದೆ ಬರಲಿಲ್ಲ.

ಒಂದು ತೆಳು ಗೆರೆ ಅಡ್ಡ ಬಂತು. ಗಾಜಿನ ನಡುವೆ ಅದು ಮುಗಿದಂತಾಯಿತು. ಮುಗಿದ ಕಡೆಯಿಂದ, ಇಲ್ಲವೇ ಅದರ ಪಕ್ಕದಿಂದ, ಇನ್ನೂ ಮಸುಕಾದ ಒಂದು ಎಳೆ ಓರೆಯಾಗಿ ಎದ್ದು, ನೋಡುನೋಡುತ್ತಿದ್ದಂತೆ ಕರಗಿತು. ನನ್ನ ಉಸಿರಿನಿಂದ ಗಾಜು ಮಬ್ಬಾಗಿತ್ತು.

"ಸುಮೀ," ಎಂದೆ. "ಬಾಗಿದಂಗಾತು. ಎರಡು ಬ್ಯಾರೆ ಬ್ಯಾರೆ ಗೆರಿನೋ ಏನೋ. ಕಣ್ಣು ಪಿಳುಕಿಸಿದ್ನೋ ಏನೋ. ಗ್ಯಾರಂಟಿ ಇಲ್ಲವಾ."

ಅವಳು ಗುರುಗಳನ್ನು ಅಲ್ಲೇ ಬಿಟ್ಟು ಬಂದಳು. "ಯಾ ಕಡೆ ಬಾಗಿತು?"

"ಗೊತ್ತಾಗಲಿಲ್ಲ."

"ಎಡಕ್ಕೋ, ಬಲಕ್ಕೋ?"

"ಖರೇನ ಗೊತ್ತಾಗಲಿಲ್ಲ ಸುಮೀ."

ಅವಳು ನನ್ನ ಮುಖ ನೋಡಿದಳು. ನಂತರ ನಗಲು ಶುರು ಮಾಡಿದಳು, ಆ ಮಳೆಯ ದಿನ ನಕ್ಕಂತೆ. ಡಬ್ಬಿಗೆ ಸುತ್ತಿದ್ದ ಶಾಲನ್ನು ಜಗ್ಗಿ ತೆಗೆದು ನನ್ನ ಹೆಗಲಿಗೆ ಹೊದಿಸಿದಳು. ಥಂಡಿಗೆ ಸೆಟೆದುಕೊಂಡಿತ್ತು ಅದು, ಬೆನ್ನು ಜುಂ ಎಂದಿತು. ಊಟದ ತಟ್ಟೆ ಹಿಡಿದ ಮಕ್ಕಳು ಏನಾಯಿತೆಂದು ಬಾಗಿಲಿಗೆ ಮುಕುರಿದರು.

ಸಂಜೆ ಮನೆಗೆ ಹೋಗುವ ತನಕ ನಾನು ಆ ಶಾಲು ತೆಗೆಯಲಿಲ್ಲ.